ಎಲ್ಲರೂ ಮೇಲೆ ನೋಡುತ್ತಿದ್ದ ದಿನ

ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ. ಅದರ ಮೇಲೆ ಮೊದಲು 'ಮೌನವಾಗಿರಿ' ಎಂದು ಬರೆದಿತ್ತು. ಬಂದವರೆಲ್ಲ ಅದನ್ನು ಗಟ್ಟಿಯಾಗಿ ಓದಿಕೊಂಡೇ ಒಳಗೆ ಹೋಗುತ್ತಿದ್ದರು. ಇದರಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದ ಅಟೆಂಡರ್, ಹನ್ನೆರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, 'ಇತಿಹಾಸದಲ್ಲಿ ಈ ದಿನ' ಎಂದು ಸೀಮೆಸುಣ್ಣದಲ್ಲಿ ಬರೆದ. ಕೆಳಗೆ ದಿನವೂ ಮೂರು ಸಾಲು: ಎಲ್ಲಿ ಯಾವ ಹಡಗು ಮುಳುಗಿತು, ಯಾವ ರಾಜ ಪಟ್ಟವೇರಿದ, ಯಾವ ರೋಗಕ್ಕೆ ಮದ್ದು ಸಿಕ್ಕಿತು. ಅಂದಿನಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಬೀದಿಗೆಲ್ಲ ಅವನು ತಾರೀಖಣ್ಣ.

ಈ ವಿದ್ಯೆಯ ಮೂಲ ಒಂದು ದಪ್ಪ ಪುಸ್ತಕ. ದಿನಕ್ಕೊಂದು ಪುಟದಂತೆ ಮುನ್ನೂರ ಅರವತ್ತಾರು ಪುಟ. ಅದರ ರಟ್ಟು ಕಳಚಿಹೋಗಿ ಬರೆದವರು ಯಾರೆಂಬುದೂ ಅದರ ಜೊತೆಗೇ ಹೋಗಿತ್ತು. ಈಗ ಅಕ್ಕ ಹೊಲಿದುಕೊಟ್ಟ ನೀಲಿ ಬಟ್ಟೆಯ ಹೊದಿಕೆ ಅದಕ್ಕಿತ್ತು.

ಲೋಕದ ತಾರೀಖುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದ ಈ ಮಹಾನುಭಾವನಿಗೆ ಇವತ್ತು ಯಾವ ವಾರ ಎಂಬುದು ಮಾತ್ರ ಆಗಾಗ ಕೈಕೊಡುತ್ತಿತ್ತು. ಭಾನುವಾರ ಗ್ರಂಥಾಲಯದ ಮೆಟ್ಟಿಲ ಮೇಲೆ ಹತ್ತೂವರೆಯವರೆಗೆ ಕೂತು, ಲೈಬ್ರರಿಯನ್ ಮೇಡಂ ಇಷ್ಟು ತಡ ಮಾಡುವವರಲ್ಲವಲ್ಲ ಎಂದು ಕಳವಳಪಟ್ಟದ್ದುಂಟು. ಒಮ್ಮೆ ಮದುವೆಯ ಮಾತುಕತೆಗೆಂದು ಹೊರಟವನು ಗಂಟೆಗೆ ಸರಿಯಾಗಿ ತಲುಪಿದ್ದ, ಆದರೆ ಮರುದಿನ. ಆ ಮನೆಯವರು ಬಾಗಿಲನ್ನು ಅರ್ಧ ತೆರೆದು ನೀರು ಕೊಟ್ಟು ಕಳಿಸಿದರು. ಆಮೇಲೆ ಆ ಪ್ರಸ್ತಾಪ ಯಾರೂ ಎತ್ತಲಿಲ್ಲ. ಹೀಗೆ ಐವತ್ತೆಂಟರ ತಾರೀಖಣ್ಣ ತನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನ ಜೊತೆ, ಬೀದಿಯ ಮೊದಲ ಮನೆಯಲ್ಲಿ, ಹೊಲಿಗೆ ಯಂತ್ರದ ಸದ್ದಿನ ಪಕ್ಕದಲ್ಲಿ ಸುಖವಾಗಿದ್ದ.

ಸುಖ ಕೆಟ್ಟದ್ದು ಏಪ್ರಿಲ್ ಮೊದಲ ವಾರದಲ್ಲಿ, ಬಸ್ ಪಾಸಿನ ಕೌಂಟರಿನಲ್ಲಿ.

ಅರವತ್ತು ದಾಟಿದವರಿಗೆ ಪಾಸು ಕೊಡುತ್ತಾರೆಂದು ಅಕ್ಕನಿಗೆ ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಅವಳಿಗೆ ಹೋಗಬೇಕಾದ ಊರೇನೂ ಇರಲಿಲ್ಲ. ಮನೆ ಮುಂದೆ ಹಾದುಹೋಗುವ ಹನ್ನೊಂದನೇ ನಂಬರಿನ ಬಸ್ಸಿನ ಕೊನೆಯ ಸ್ಟಾಪ್ ಹೇಗಿದೆ ಎಂದು ನೋಡಬೇಕೆನ್ನುವುದು ಅವಳ ಆಸೆ. ನಲವತ್ತು ವರ್ಷ ಆ ಬಸ್ಸಿನ ಸದ್ದು ಕೇಳಿಯೇ ಅವಳು ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದಿದ್ದಳು.

"ಹುಟ್ಟಿದ ತಾರೀಖು?" ಎಂದ ಕೌಂಟರಿನ ಗುಮಾಸ್ತ, ತಲೆ ಎತ್ತದೆ.

ಅಕ್ಕ ತಮ್ಮನ ಮುಖ ನೋಡಿದಳು. "ಇಸವಿ ಅರವತ್ತೊಂದು," ಎಂದ ತಾರೀಖಣ್ಣ, ಅರ್ಧ ಗೆದ್ದವನಂತೆ.

"ಇಸವಿ ಯಾರು ಕೇಳಿದ್ರು ಸ್ವಾಮಿ? ತಾರೀಖು."

"ಅದು... ಶಾಲೆಯ ರಿಜಿಸ್ಟರನ್ನ ಗೆದ್ದಲು ತಿಂದುಬಿಟ್ಟಿದೆ."

"ಅಷ್ಟೇ ತಾನೆ? ಜನವರಿ ಒಂದು ಅಂತ ಬರ್ಕೋತೀನಿ."

"ಜನವರಿ ಒಂದು ಯಾಕೆ?"

"ಗೊತ್ತಿಲ್ಲದವರಿಗೆಲ್ಲ ಜನವರಿ ಒಂದೇ. ನಿಮ್ಮ ಬೀದಿಯಲ್ಲೇ ಹದಿನಾಲ್ಕು ಜನ ಇದ್ದಾರೆ. ಒಳ್ಳೇ ದಿನ. ನೆನಪಿಟ್ಕೊಳ್ಳೋಕೂ ಸುಲಭ."

ಅಕ್ಕ ಕಿಂಡಿಯೊಳಗೆ ಕೈ ಹಾಕಿ ಅರ್ಜಿಯ ಮೇಲೆ ಅಂಗೈ ಇಟ್ಟಳು. "ಬರೀಬೇಡಿ."

"ಬರೀದೆ ಪಾಸ್ ಬರಲ್ಲಮ್ಮಾ."

"ಹಾಗಾದ್ರೆ ಪಾಸೇ ಬೇಡ," ಎಂದು ಅರ್ಜಿಯನ್ನು ಎಳೆದುಕೊಂಡು, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಹಾಕಿಕೊಂಡು ಹೊರಟೇಬಿಟ್ಟಳು.

ಕಚೇರಿಯ ಮೆಟ್ಟಿಲ ಮೇಲೆ ತಾರೀಖಣ್ಣ ಅವಳನ್ನು ಹಿಡಿದ. "ಏನಕ್ಕ, ಒಂದು ತಾರೀಖು ತಾನೆ?"

"ಅಮ್ಮ ಹೇಳ್ತಿದ್ದದ್ದು ನೆನಪಿದ್ಯೇನೋ?" ಎಂದಳು ಅಕ್ಕ.

ನೆನಪಿಲ್ಲದೆ ಏನು? ಅಮ್ಮ ಸಾವಿರ ಸಲ ಹೇಳಿದ ಕಥೆ ಅದು. ಅಕ್ಕ ಹುಟ್ಟಿದ ಸಂಜೆ ಬೀದಿಗೆ ಬೀದಿಯೇ ಮೇಲೆ ನೋಡುತ್ತ ನಿಂತಿತ್ತಂತೆ. ಅಪ್ಪನೂ ಅಲ್ಲೇ. ಗಲಾಟೆ ಕೇಳಿ ಸೂಲಗಿತ್ತಿ, "ಒಂದೇ ನಿಮಿಷ, ಬಂದೆ ಕಣಮ್ಮ," ಎಂದು ಹೊರಗೆ ಓಡಿದಳಂತೆ. ಅವಳು ವಾಪಸು ಬರುವಷ್ಟರಲ್ಲಿ ಮಗು ತನ್ನಷ್ಟಕ್ಕೆ ತಾನೇ ಹುಟ್ಟಿ ಅಳುತ್ತಿತ್ತಂತೆ. ಮೇಲೆ ಅವರೆಲ್ಲ ಏನು ನೋಡುತ್ತಿದ್ದರು ಎಂದು ಅಮ್ಮ ಕೇಳಲಿಲ್ಲ. ಅವಳಿಗೆ ಬೇರೆ ಕೆಲಸವಿತ್ತು. ಆ ಗಡಿಬಿಡಿಯಲ್ಲಿ ದಿನವನ್ನು ಯಾರೂ ಗುರುತು ಹಾಕಿಕೊಳ್ಳಲಿಲ್ಲ.

"ನಾನು ಹುಟ್ಟಿದಾಗ ಒಬ್ರೂ ನನ್ನ ಕಡೆ ನೋಡಿಲ್ಲ ಕಣೋ," ಎಂದಳು ಅಕ್ಕ. "ಹೋಗ್ಲಿ, ಅದು ಆಗಿದ್ದಾಯ್ತು. ಈಗ ಇಷ್ಟು ವರ್ಷ ಆದ್ಮೇಲೆ, ಬೇಡದವರನ್ನೆಲ್ಲ ತುಂಬೋ ದಿನಕ್ಕೆ ನನ್ನನ್ನೂ ತುರುಕ್ತೀನಿ ಅಂದ್ರೆ ನನಗೆ ಬೇಡಪ್ಪ."

ತಾರೀಖಣ್ಣ ಹುಟ್ಟಿದ್ದು ಜೂನ್ ಇಪ್ಪತ್ತೈದು, ಅರವತ್ತೇಳನೇ ಇಸವಿ. ಲೋಕದ ಹಲವು ದೇಶಗಳು ಒಂದೇ ಹೊತ್ತಿಗೆ ಒಂದೇ ಟಿ.ವಿ. ಕಾರ್ಯಕ್ರಮ ನೋಡಿದ ಮೊದಲ ದಿನ ಅದು ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಆ ತಾರೀಖು ಅವನಿಗೆ ಸಿಕ್ಕಿದ್ದು ಅಡುಗೆಮನೆಯ ಬಾಗಿಲ ಹಿಂದೆ. ಆಗತಾನೇ ಅಂಕಿ ಕಲಿತಿದ್ದ ಆರು ವರ್ಷದ ಅಕ್ಕ ಅದನ್ನು ಇದ್ದಿಲಿನಲ್ಲಿ ಬರೆದಿದ್ದಳು, ಐದನ್ನು ಮಾತ್ರ ತಿರುಗಿಸಿ. ಬಾಗಿಲಿಗೆ ಎಷ್ಟು ಸಲ ಬಣ್ಣ ಹೊಡೆದರೂ ಅಷ್ಟು ಜಾಗವನ್ನು ಅವಳು ಬಿಡಿಸುತ್ತಿದ್ದಳು. ಅಮ್ಮ ಹೋದಾಗ ಅವನಿಗೆ ಎಂಟು, ಅವಳಿಗೆ ಹದಿನಾಲ್ಕು. ಅಂದಿನಿಂದ ಪ್ರತಿ ಜೂನ್ ಇಪ್ಪತ್ತೈದಕ್ಕೆ ಮನೆಯಲ್ಲಿ ಸಿಹಿ. ನಿನ್ನದು ಯಾವಾಗ ಎಂದು ಅವನು ಚಿಕ್ಕಂದಿನಲ್ಲಿ ಕೇಳಿದಾಗ, "ನಿಂದರಲ್ಲೇ ನಂದೂ ಆಯ್ತು, ಸರ್ಕೊಂಡು ಕೂತ್ಕೊಂಡ್ರೆ ಇಬ್ರಿಗೂ ಜಾಗ ಇದೆ," ಎಂದಿದ್ದಳು. ಆಮೇಲೆ ಅವನು ಕೇಳಿರಲೇ ಇಲ್ಲ. ಮುಳುಗಿದ ಹಡಗುಗಳ ತಾರೀಖೆಲ್ಲ ಬಾಯಿಪಾಠ, ಸಾಕಿ ಸಲಹಿದವಳದ್ದು ಗೊತ್ತಿಲ್ಲ! ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ನಾಚಿಕೆಯಾದ ಗಂಡಸರು ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ. ಎದೆ ಉಬ್ಬಿಸಿ, "ಅಕ್ಕಾ, ನಾನಿರೋದು ಯಾಕೆ? ಒಂದು ವಾರ ಕೊಡು. ಬೀದಿಗೆ ಬೀದಿನೇ ಆಕಾಶ ನೋಡ್ತಾ ನಿಲ್ಲಬೇಕಾದ್ರೆ ಅದು ಸಣ್ಣ ಸಂಗತಿ ಆಗಿರೋಕೆ ಸಾಧ್ಯವೇ ಇಲ್ಲ. ನನ್ನ ಪುಸ್ತಕದಲ್ಲಿ ಇದ್ದೇ ಇರುತ್ತೆ," ಎಂದ.

ಅಮ್ಮ ಹೇಳಿದ್ದು 'ಮೇಲೆ' ಎಂದು, 'ಆಕಾಶ' ಎಂದಲ್ಲ. ಆದರೆ ಇತಿಹಾಸಕಾರರು ಉತ್ಸಾಹದಲ್ಲಿರುವಾಗ ಇಂಥ ಸಣ್ಣಪುಟ್ಟ ವ್ಯತ್ಯಾಸ ಯಾರು ನೋಡುತ್ತಾರೆ?

ನಾಲ್ಕು ದಿನ ಪುಸ್ತಕ ಜಾಲಾಡಿದ. ಐದನೇ ದಿನ ಏಪ್ರಿಲ್ ಹನ್ನೆರಡರ ಪುಟ ಬಂತು. ಸಾವಿರದ ಒಂಬೈನೂರ ಅರವತ್ತೊಂದು, ಮನುಷ್ಯ ಮೊಟ್ಟಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಹೋಗಿ ಭೂಮಿಯನ್ನು ಒಂದು ಸುತ್ತು ಹಾಕಿದ ದಿನ. ತಾರೀಖಣ್ಣ ಪುಸ್ತಕ ಎದೆಗವಚಿಕೊಂಡು, ಗ್ರಂಥಾಲಯದೊಳಗೆ ಮಾತ್ರ ಹಾಕುವ ಚಪ್ಪಲಿಯಲ್ಲೇ, ನಡುಮಧ್ಯಾಹ್ನ ಮನೆಗೆ ಓಡಿದ.

ಅಕ್ಕ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. "ನಿಜಾನಾ?"

"ಪುಸ್ತಕ ಸುಳ್ಳು ಹೇಳುತ್ತಾ?"

ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು. "ಅಷ್ಟು ದೊಡ್ಡ ಸಂಗತಿ ಆಗಿದ್ರೆ ಬಿಡು. ಯಾರಾದ್ರೂ ಹೊರಗೆ ಹೋಗಿ ನೋಡೋರೇ. ನಾನಾಗಿದ್ರೂ ಹೋಗ್ತಿದ್ದೆ," ಎಂದಳು. ಅಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದ ಮುನಿಸೊಂದನ್ನು ಅವಳು ಆಗಲೇ ಮಡಿಸಿಟ್ಟಂತೆ ಕಂಡಿತು. ಸಂಜೆ ಉಳಿದ ಬಟ್ಟೆಯಲ್ಲಿ ತನಗಾಗಿ ಒಂದು ಕಾಲರ್ ಇರುವ ಮೇಲಂಗಿ ಕತ್ತರಿಸಿಕೊಂಡಳು. ತನಗಾಗಿ ಅವಳು ಹೊಸದು ಹೊಲಿದು ಹನ್ನೊಂದು ವರ್ಷವಾಗಿತ್ತು.

ಹನ್ನೆರಡನೇ ತಾರೀಖು ಹಲಗೆಯ ಮೇಲೆ ಎರಡೇ ಸಾಲು ಬಂತು. 'ಮನುಷ್ಯ ಬಾಹ್ಯಾಕಾಶಕ್ಕೆ ಹೋದ. ನಮ್ಮ ಬೀದಿಯ ಹೊಲಿಗೆ ಅಕ್ಕ ಹುಟ್ಟಿದರು.' ಮೊದಲು ಓದಿದವನು ಕಟಿಂಗ್ ಶಾಪಿನವನು. ಅವನಿಗೆ ಅನುಮಾನ ಹುಟ್ಟು ಗುಣ.

"ಅಲ್ಲಾ ತಾರೀಖಣ್ಣ, ಆ ನೌಕೆ ನಮ್ಮ ಬೀದಿ ಮೇಲೆ ಹೋಯ್ತು ಅಂತ ಏನು ಗ್ಯಾರಂಟಿ?"

"ಇಡೀ ಭೂಮಿ ಸುತ್ತಿದವನು ನಮ್ಮ ಬೀದಿ ಒಂದನ್ನ ಬಿಟ್ಟು ಸುತ್ತೋಕಾಗುತ್ತೇನಯ್ಯಾ?"

ಕಟಿಂಗ್ ಶಾಪಿನವನು ಯೋಚಿಸಿದ. ಎಲ್ಲಿಂದ ನೋಡಿದರೂ ತಪ್ಪು ಕಾಣಲಿಲ್ಲ. ತಲೆಯಾಡಿಸಿ ಅಂಗಡಿಗೆ ಹೋಗಿ, ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಬಾಯಿ ತೆರೆಯಲಾಗದೆ ಕೂತಿದ್ದ ಗಿರಾಕಿಗಳಿಗೆಲ್ಲ ಇದನ್ನು ವಿವರಿಸಿದ.

ತೊಂದರೆ ಶುರುವಾದದ್ದು ಮರುದಿನ. ಬೀದಿಯಲ್ಲಿ ಜನವರಿ ಒಂದರ ಹದಿನಾಲ್ಕು ಜನ ಇದ್ದರಲ್ಲ, ಅವರಿಗೆಲ್ಲ ಇದ್ದಕ್ಕಿದ್ದಂತೆ ತಾವು ಮೋಸಹೋಗಿದ್ದೇವೆ ಅನ್ನಿಸಿತು. ಓದುವ ಕೋಣೆಯಲ್ಲಿ ಎಂದೂ ಕಾಣದ ಮುಖಗಳು ಬೆಂಚಿನ ಮೇಲೆ ಸಾಲಾಗಿ ಕೂತವು. ಕಟಿಂಗ್ ಶಾಪಿನವನು ಹೆಂಡತಿಯ ಜೊತೆ ಬಂದ.

"ನಾನು ಹುಟ್ಟಿದಾಗ ಚಳಿ ಅಂತೆ. ನಮ್ಮಜ್ಜಿಗೆ ಎದೆ ಡವಡವ ಅಂತಿತ್ತಂತೆ. ಇಸವಿ ಅರವತ್ತೇಳು."

ತಾರೀಖಣ್ಣ ಪುಟ ತಿರುಗಿಸಿದ. "ಡಿಸೆಂಬರ್ ಮೂರು. ಒಬ್ಬ ಮನುಷ್ಯನ ಹೃದಯ ಇನ್ನೊಬ್ಬನಿಗೆ ಮೊದಲ ಸಲ ಜೋಡಿಸಿದ ದಿನ."

"ಅಣ್ಣಾ, ಇವರಿಗೂ ಒಂದು ಜೋಡಿಸೋಕಾಗುತ್ತಾ ಕೇಳಿ," ಎಂದಳು ಹೆಂಡತಿ. ಆದರೆ ಆ ದಿನದಿಂದ ಅವನು ಗಿರಾಕಿಗಳ ಹತ್ತಿರ ಬಹಳ ಮೆತ್ತಗೆ ಮಾತಾಡತೊಡಗಿದ ಎಂದು ಅವಳೇ ಹೇಳಿದ್ದಾಳೆ.

ಇಸ್ತ್ರಿ ತಾತ ಬಂದ. ಅವನ ಅಮ್ಮ, ನೀನು ಬಿಸಿಲಲ್ಲಿ ಹುಟ್ಟಿದೆ, ಎತ್ತರದ ದನಿಯಲ್ಲಿ ಅಳುತ್ತಿದ್ದೆ ಎಂದಿದ್ದಳಂತೆ. ಇಸವಿ ಐವತ್ತಮೂರು. ಬಿಸಿಲು, ಎತ್ತರ ಎರಡೂ ಕೂಡಿಸಿ ತಾರೀಖಣ್ಣ ಮೇ ಇಪ್ಪತ್ತೊಂಬತ್ತನ್ನು ಕೊಟ್ಟ. ಲೋಕದ ಅತಿ ಎತ್ತರದ ಶಿಖರವನ್ನು ಮನುಷ್ಯ ಮೊದಲು ಹತ್ತಿದ ದಿನ. ಮಂಡಿನೋವೆಂದು ಹತ್ತು ವರ್ಷದಿಂದ ಬಟ್ಟೆಯ ಗಂಟನ್ನು ಮೆಟ್ಟಿಲ ಬುಡದಲ್ಲೇ ಇಟ್ಟು ಕೂಗಿ ಹೋಗುತ್ತಿದ್ದ ತಾತ, ಅಂದು ಸಂಜೆ ಮೂರನೇ ಮಹಡಿಯ ಮನೆಗೆ ಸ್ವತಃ ಹತ್ತಿಹೋದ. "ಶಿಖರದ ದಿನ ಹುಟ್ಟಿದವನು ಇಷ್ಟು ಹತ್ತದಿದ್ರೆ ಹೇಗೆ?" ಎಂದನಂತೆ. ಇಳಿಯಲು ಮಾತ್ರ ಆಗಲಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಇಳಿಸಿದರು. ತಾತ ಉದ್ದಕ್ಕೂ ಎರಡೂ ಬದಿಯ ಮನೆಗಳಿಗೆ ಕೈಬೀಸುತ್ತಿದ್ದ.

ಬೇಕರಿಯವಳು ಮೊದಲೇ ಕರಾರು ಹಾಕಿದಳು. "ನನಗೆ ಯುದ್ಧ ಬೇಡ, ಭೂಕಂಪ ಬೇಡ, ಯಾರೂ ಸಾಯೋದೂ ಬೇಡ. ಚೆನ್ನಾಗಿರೋದು ಒಂದು ನೋಡಿ ಕೊಡಿ." ಅವಳಿಗೆ ಯಾವ ಪುಟ ಕೊಟ್ಟರೂ ಯಾರೋ ಒಬ್ಬರು ಸಾಯುತ್ತಿದ್ದರು. ಲೋಕದಲ್ಲಿ ಇಷ್ಟು ಸಾವು ನಡೆದಿದೆ ಎಂದು ತಾರೀಖಣ್ಣನಿಗೆ ಹನ್ನೆರಡು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಹದಿನೇಳನೇ ತಾರೀಖು ಬೆಳಿಗ್ಗೆ ಬಸ್ ಪಾಸಿನ ಗುಮಾಸ್ತ ಖುದ್ದಾಗಿ ಗ್ರಂಥಾಲಯಕ್ಕೆ ನುಗ್ಗಿದ.

"ನೀವೇನಾ ತಾರೀಖು ಹಂಚ್ತಿರೋರು? ಮೂರು ದಿನದಲ್ಲಿ ಹನ್ನೊಂದು ಜನ ಬಂದ್ರು ಸ್ವಾಮಿ! ಒಬ್ಬನಿಗೆ ಶಿಖರ ಬೇಕಂತೆ, ಒಬ್ಬನಿಗೆ ಹೃದಯ ಬೇಕಂತೆ. ಜನವರಿ ಒಂದು ಅಂದ್ರೆ ಬೈದ ಹಾಗೆ ನೋಡ್ತಾರೆ. ಎಷ್ಟು ವರ್ಷದಿಂದ ನೆಮ್ಮದಿಯಾಗಿತ್ತು ಆ ದಿನ!"

ಮೇಡಂ ತುಟಿಯ ಮೇಲೆ ಬೆರಳಿಟ್ಟರು. "ಇಲ್ಲಿ ಮಾತಾಡಬಾರದು."

"ಹಾಗಂತ ಬೋರ್ಡ್ ಎಲ್ಲಿದೆ?"

"ಇತ್ತು. ಇವರೇ ಒರೆಸಿದ್ದು."

ಗುಮಾಸ್ತ ಕುರ್ಚಿಯಲ್ಲಿ ಕುಸಿದ. ನೀರು ಕುಡಿದ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನಂದೂ ಜನವರಿ ಒಂದೇ," ಎಂದ.

ತಾರೀಖಣ್ಣ ಪುಸ್ತಕ ತೆರೆದ. "ಹೇಳಿ. ಅವತ್ತು ಏನಾಗಿತ್ತಂತೆ?"

"ಅದೇ ಕಷ್ಟ. ಏನೂ ಆಗಿರಲಿಲ್ವಂತೆ. ಗಾಳಿ ಇಲ್ಲ, ಮಳೆ ಇಲ್ಲ. ಪೇಪರಿನಲ್ಲೂ ಓದೋ ಅಂಥದ್ದು ಏನೂ ಇರ್ಲಿಲ್ವಂತೆ. ಅದಕ್ಕೇ ನಮ್ಮಪ್ಪ ಪೇಪರ್ ಮಡಚಿಟ್ಟು ನನ್ನ ಎತ್ಕೊಂಡ್ರಂತೆ. ಅಮ್ಮ ಅಷ್ಟೇ ಹೇಳ್ತಿದ್ದದ್ದು."

ಗುಮಾಸ್ತ ಹುಟ್ಟಿದ ಇಸವಿಯ ಸುತ್ತಮುತ್ತ ತಾರೀಖಣ್ಣ ಎಷ್ಟು ತಡಕಿದರೂ ಏನೂ ನಡೆಯದ ದಿನ ಸಿಗಲಿಲ್ಲ. ಗುಮಾಸ್ತನ ಮುಖ ಬಾಡಿತು. "ಇರ್ಲಿ ಬಿಡಿ," ಎಂದು ಎದ್ದ. "ನಿಮ್ಮಕ್ಕನ ಕೆಲಸ ಆದ್ರೂ ಮುಗಿಸೋಣ. ಪುಸ್ತಕ ನಡೆಯಲ್ಲ. ಅವರು ಹುಟ್ಟಿದಾಗಲೇ ವಯಸ್ಸಿಗೆ ಬಂದಿದ್ದ, ಅದೇ ಬೀದಿಯವರು ಯಾರಾದ್ರೂ ಒಂದು ಸಾಕ್ಷಿ ಸಹಿ ಹಾಕಿದ್ರೆ ಸಾಕು."

ಬೀದಿಯಲ್ಲಿ ಅಂಥವನು ಒಬ್ಬನೇ, ಲೈನ್‌ಮನ್ ಅಜ್ಜ. ವಯಸ್ಸು ಎಂಬತ್ತಾರು. ಬೀದಿಯ ತುದಿಯ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಹಾದುಹೋಗುವ ವಿದ್ಯುತ್ ಇಲಾಖೆಯ ಗಾಡಿಗಳನ್ನು ಬೈಯುವುದು ಅವನ ದಿನಚರಿ. ಗುಮಾಸ್ತನೂ ತಾರೀಖಣ್ಣನೂ ಮಧ್ಯಾಹ್ನ ಅವನ ಮುಂದೆ ಕೂತರು. ತಾರೀಖಣ್ಣ ಕಥೆ ಹೇಳಿದ. ಸಂಜೆ, ಬೀದಿ ಜನ, ಓಡಿಬಂದ ಸೂಲಗಿತ್ತಿ, ಆಕಾಶದಲ್ಲಿ ಮನುಷ್ಯ.

ಅಜ್ಜ ಕೇಳಿದ. ಮೊದಲು ಅವನ ಭುಜ ಕುಲುಕಿತು, ಆಮೇಲೆ ಕುರ್ಚಿ ಕುಲುಕಿತು.

"ಆಕಾಶವಾ? ಯಾವ ಆಕಾಶ? ಅವರು ನೋಡ್ತಿದ್ದದ್ದು ನನ್ನನ್ನ ಕಣಯ್ಯಾ!"

"ನಿಮ್ಮನ್ನಾ?"

"ನಿಮ್ಮನೆ ಮುಂದಿನ ಕಂಬದ ತುದೀಲಿ ಇದ್ದವನು ನಾನೇ. ಈ ಬೀದಿಗೆ ಮೊಟ್ಟಮೊದಲ ದೀಪ ಹಾಕಿದ ದಿನ ಅದು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಕಾಲು ನಡುಗ್ತಾ ಇತ್ತು. ಕೆಳಗೆ ನೋಡಿದ್ರೆ ಬರೀ ಮುಖಗಳು, ಎಲ್ಲ ಬಾಯಿ ಬಿಟ್ಕೊಂಡು ನನ್ನನ್ನೇ ನೋಡ್ತಾ ಇದ್ವು. ಸೂಲಗಿತ್ತಿ ಇನ್ನೂ ಕೈ ಒರೆಸ್ಕೋತಾ ನಿಂತಿದ್ಲು. ದೀಪ ಹತ್ತಿತು, ಎಲ್ಲ ಹೋ ಅಂದ್ರು. ಅದೇ ಹೊತ್ತಿಗೆ ಕೆಳಗಿನ ಕಿಟಕಿಯಿಂದ ಮಗು ಅಳೋ ಸದ್ದು ಬಂತು. ಗಲಾಟೇಲಿ ಯಾರಿಗೂ ಕೇಳಿಸ್ಲಿಲ್ಲ. ಮೇಲಿದ್ದ ನನಗೆ ಕೇಳಿಸ್ತು."

"ಅದು ಏಪ್ರಿಲ್ ಹನ್ನೆರಡಾ ಅಜ್ಜ?" ಎಂದು ತಾರೀಖಣ್ಣ ಬೇಡುವವನಂತೆ ಕೇಳಿದ.

"ತಾರೀಖೆಲ್ಲ ನನಗೇನು ಗೊತ್ತು? ಅದನ್ನ ತಗಡಿನ ಮೇಲೆ ಕೊಟ್ಟಿದ್ದೀನಲ್ಲ. ದೀಪ ಹತ್ತಿದ ದಿನವೇ ಕಂಬಕ್ಕೆ ತಗಡಿನ ಪಟ್ಟಿ ಬಿಗಿದು, ಉಳಿಯಿಂದ ತಾರೀಖು ಹೊಡೀಬೇಕು. ಆಗಿನ ಕೆಲಸ ಹಾಗಿತ್ತು. ಈಗಿನವರಿಗೆ ಹೇಳಿದ್ರೆ ನಗ್ತಾರೆ. ಹೋಗಿ ಕಂಬದ ಮೇಲೆ ನೋಡು."

ಕಂಬದವರೆಗಿನ ದಾರಿ ಇನ್ನೂರು ಹೆಜ್ಜೆ. ತಾರೀಖಣ್ಣನಿಗೆ ಅದು ಬಹಳ ದೂರವಾಯಿತು. ತಗಡಿನ ಪಟ್ಟಿ ಸಿಗದಿದ್ದರೆ? ಅಥವಾ ಅದು ಜನವರಿ ಒಂದೇ ಆಗಿಬಿಟ್ಟಿದ್ದರೆ? ಅಕ್ಕನಿಗೆ ಹೇಳದೆ ಇದ್ದುಬಿಡೋಣ ಅನ್ನಿಸಿತು. ಐದು ದಿನದಿಂದ ಅವಳು ಹಾಡು ಗುನುಗುತ್ತ ಹೊಲಿಯುತ್ತಿದ್ದಳು. ಬಟ್ಟೆ ಕೊಡಲು ಬಂದವರಿಗೆಲ್ಲ, "ನಾನು ಬಾಹ್ಯಾಕಾಶದ ದಿನದವಳು," ಎನ್ನುತ್ತಿದ್ದಳು. ಆದರೆ ಅವಳಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ; ಹೇಳಿದಾಗಲೆಲ್ಲ ಅವನ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಿದ್ದ. ಈಗಲೂ ಕಿವಿ ಕೆಂಪಾಗಿಯೇ ಮನೆಯೊಳಗೆ ಬಂದ.

"ಏನಾಯ್ತೋ?" ಎಂದಳು ಅಕ್ಕ.

ಎಲ್ಲ ಹೇಳಿದ. ನೆಲ ನೋಡುತ್ತ ಹೇಳಿದ. "ಅದು ನೌಕೆ ಅಲ್ವಂತೆ ಅಕ್ಕ. ಲೈನ್‌ಮನ್ ಅಂತೆ. ತಪ್ಪಾಯ್ತು ನಂದು. ನಿನ್ನನ್ನ ಇಲ್ಲದ ಎತ್ತರಕ್ಕೆ ಹತ್ತಿಸಿಬಿಟ್ಟೆ."

ಅಕ್ಕ ದಾರ ಕಡಿದಳು. "ನನ್ನ ಅಳು ಕೇಳಿಸ್ತು ಅಂದ್ರಾ?"

"ಹೂಂ?"

"ಅಜ್ಜನಿಗೆ. ನಾನು ಅತ್ತದ್ದು ಕೇಳಿಸ್ತು ಅಂದ್ರಾ?"

"ಹೂಂ. ಮೇಲಿದ್ದವನಿಗೆ ಕೇಳಿಸ್ತು ಅಂದ್ರು."

ಅವಳ ಕಣ್ಣು ತುಂಬಿತು. ಅದನ್ನು ಮರೆಸಲೆಂದೇ ಏನೋ, ದೊಡ್ಡ ಕತ್ತರಿ ಕೈಗೆತ್ತಿಕೊಂಡು ದಡದಡನೆ ಹೊರಗೆ ನಡೆದಳು.

ಮನೆ ಮುಂದಿನ ಕಂಬಕ್ಕೆ ತಲೆಯ ಎತ್ತರದಲ್ಲಿ ಒಂದು ಬೋರ್ಡು ಇತ್ತು. 'ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು.' ನಲವತ್ತು ವರ್ಷದ ಹಿಂದೆ ತಾರೀಖಣ್ಣನೇ ಬರೆದು, ಅಲ್ಲಿ ಯಾವುದೋ ಹಳೇ ತಗಡು ಅಡ್ಡ ಬರುತ್ತಿದೆಯೆಂದು ಗೊಣಗುತ್ತ, ಅದರ ಮೇಲೆಯೇ ತಂತಿ ಸುತ್ತಿ ಬಿಗಿದಿದ್ದ. ಅಕ್ಕ ಕತ್ತರಿಯಿಂದ ತಂತಿ ಎಬ್ಬಿಸಿದಳು. ಬೋರ್ಡು ಜೋತುಬಿತ್ತು. ಹಿಂದೆ ತಗಡಿನ ಪಟ್ಟಿ, ಅದರ ಮೇಲೆ ಪದರ ಪದರ ಬಣ್ಣ. ಅಕ್ಕ ಕತ್ತರಿಯ ಅಲಗಿನಿಂದ ಕೆರೆದಳು. ಆ ಕತ್ತರಿಯಿಂದ ಕಾಗದ ಕತ್ತರಿಸಿದರೂ ತಮ್ಮನಿಗೆ ಬೈಗುಳ ಬೀಳುತ್ತಿತ್ತು. ಮೊದಲು ಹಸಿರು ಉದುರಿತು, ಆಮೇಲೆ ಬೂದಿ, ಆಮೇಲೆ ಕೆಂಪು. ಕಟಿಂಗ್ ಶಾಪಿನವನು, ಬೇಕರಿಯವಳು, ಇಸ್ತ್ರಿ ತಾತ ಎಲ್ಲ ಬಂದು ಸುತ್ತ ನಿಂತರು.

ಒಂದು ಅಂಕಿ ಕಂಡಿತು. ಎಂಟು. ಅದರ ಹಿಂದೆ ಒಂದು. ಮುಂದೆ ನಾಲ್ಕು. ಕೊನೆಗೆ ಅರವತ್ತೊಂದು.

"ಹದ್ನೆಂಟು, ನಾಲ್ಕು, ಅರವತ್ತೊಂದು," ಎಂದು ತಾರೀಖಣ್ಣನ ಹಿಂದೆಯೇ ಬಂದಿದ್ದ ಗುಮಾಸ್ತ ಕಚೇರಿಯ ದನಿಯಲ್ಲಿ ಓದಿದ.

"ಏಪ್ರಿಲ್ ಹದಿನೆಂಟು," ಎಂದ ತಾರೀಖಣ್ಣ. "ಆರೇ ದಿನ ತಪ್ಪಿದ್ದೆ ಅಕ್ಕ! ಹದಿನೆಂಟು ಅಂದ್ರೆ..." ಅವನು ಬೆರಳು ಮಡಚಿ ಎಣಿಸತೊಡಗಿದ. ಇವತ್ತು ಎಷ್ಟನೇ ತಾರೀಖು ಎಂಬುದು ಎಂದಿನಂತೆ ಅವನಿಗೆ ಕೈಕೊಟ್ಟಿತ್ತು.

"ನಾಳೆ!" ಎಂದಿತು ಬೀದಿಗೆ ಬೀದಿಯೇ.

ಅಕ್ಕ ಮೂಡಿಬಂದ ಅಂಕಿಗಳ ಮೇಲೆ ಸೆರಗಿನ ತುದಿಯಿಂದ ಒರೆಸಿದಳು. ಎರಡನೇ ಸಲ, ಮೂರನೇ ಸಲವೂ ಒರೆಸಿದಳು.

ತನ್ನ ತಾರೀಖುಗಳೆಲ್ಲ ಬರೀ ಊಹೆ ಎಂದು ತಾರೀಖಣ್ಣ ಅಲ್ಲೇ ಎಲ್ಲರ ಎದುರು ಕೈಮುಗಿದು ಒಪ್ಪಿಕೊಂಡ. ಇಸ್ತ್ರಿ ತಾತನಿಗೆ ಸಿಟ್ಟು ಬಂತು. "ನೋಡಯ್ಯಾ, ಕೊಟ್ಟ ಶಿಖರ ವಾಪಸ್ ಕೇಳಬೇಡ. ನಾನು ಹತ್ತಿದ್ದು ಎಲ್ಲ ನೋಡಿದ್ದಾರೆ," ಎಂದ. ಹೃದಯವನ್ನು ಹಿಂದಿರುಗಿಸಲು ಕಟಿಂಗ್ ಶಾಪಿನವನ ಹೆಂಡತಿ ಒಪ್ಪಲಿಲ್ಲ. ಬೇಕರಿಯವಳು ಮಾತ್ರ, ತಾನು ಜನವರಿ ಒಂದಕ್ಕೇ ವಾಪಸು ಹೋಗುತ್ತೇನೆ, ಅಲ್ಲಿ ಈಗ ಜಾಗ ಖಾಲಿ ಇದೆ ಎಂದಳು.

ಮರುದಿನ ಬೆಳಿಗ್ಗೆ ತಾರೀಖಣ್ಣ ಏಪ್ರಿಲ್ ಹದಿನೆಂಟರ ಪುಟ ತೆರೆದ. ಮೊದಲ ಸಾಲಿನಲ್ಲೇ ಒಂದು ಭಾರೀ ಭೂಕಂಪ. ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಮುಂದೆ ಓದಿದ. ನಾಲ್ಕನೇ ಸಾಲಿಗೆ ಬಂದವನು ನಿಂತ. ಕನ್ನಡಕ ಒರೆಸಿ ಮತ್ತೆ ಓದಿದ. ಆಮೇಲೆ ಹಲಗೆಯ ಮುಂದೆ ಕೂತು, ತನ್ನ ಜೀವಮಾನದ ಅತ್ಯಂತ ದುಂಡಗಿನ ಅಕ್ಷರದಲ್ಲಿ ಬರೆದ:

'1930: ಪ್ರಸಿದ್ಧ ರೇಡಿಯೋ ಕೇಂದ್ರವೊಂದು ಸಂಜೆಯ ವಾರ್ತೆಯ ಹೊತ್ತಿಗೆ "ಇಂದು ಸುದ್ದಿಯೇನೂ ಇಲ್ಲ" ಎಂದು ಹೇಳಿ, ಉಳಿದ ಹೊತ್ತು ಪಿಯಾನೋ ಕೇಳಿಸಿತು.

1961: ನಮ್ಮ ಬೀದಿಗೆ ಮೊದಲ ದೀಪ ಬಂತು. ಅದೇ ಹೊತ್ತಿಗೆ ನಮ್ಮಕ್ಕ ಹುಟ್ಟಿದಳು. ಈ ಸಲ ಸುದ್ದಿ ಇತ್ತು. ನಾವು ಕೇಳಿಸಿಕೊಂಡಿರಲಿಲ್ಲ.'

ಹೊಸ ಅರ್ಜಿಯನ್ನೂ ಪಾಸನ್ನೂ ಗುಮಾಸ್ತನೇ ಸಂಜೆ ಮನೆಗೆ ತಂದ. ಹುಟ್ಟಿದ ತಾರೀಖಿನ ಮುಂದೆ ಹದಿನೆಂಟು, ನಾಲ್ಕು ಎಂದು ಬರೆದು, ಕೆಳಗೆ ಲೈನ್‌ಮನ್ ಅಜ್ಜನ ನಡುಗುವ ಸಹಿ ಹಾಕಿಸಿ, ಅದರ ಮೇಲೆ ಮೊಹರು ಹೊಡೆದಿದ್ದ. ಪಾಸು ಕೊಟ್ಟಾದ ಮೇಲೂ ಅವನು ಹೊಸ್ತಿಲು ಬಿಟ್ಟು ಹೋಗಲಿಲ್ಲ.

"ಅಕ್ಕಾ," ಎಂದ, "ದಾರಿಯಲ್ಲಿ ಹಲಗೆ ಓದ್ಕೊಂಡು ಬಂದೆ. ಇಸವಿ ಬೇರೆ, ಸರಿ. ಆದ್ರೂ ಸುದ್ದಿ ಇಲ್ಲದ ದಿನ ಅಂತ ಒಂದು ಇದೆಯಲ್ಲ... ಅದು ನಿಮ್ಮದೇ ಆಗ್ಬಿಟ್ಟಿದೆ. ನಿಮಗೆ ಬೇಜಾರಿಲ್ಲ ಅಂದ್ರೆ..."

ಅಕ್ಕನಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ತಮ್ಮನ ಕಡೆ ನೋಡಿ ನಕ್ಕಳು. "ಅದಕ್ಕೇನಪ್ಪಾ. ಸರ್ಕೊಂಡು ಕೂತ್ಕೊಂಡ್ರೆ ಇಬ್ರಿಗೂ ಜಾಗ ಇದೆ."

ಗುಮಾಸ್ತ ಜೇಬಿನಿಂದ ಕರವಸ್ತ್ರ ತೆಗೆದ. ತಾರೀಖಣ್ಣ ಅಡುಗೆಮನೆಗೆ ಹೋದ. ಬಾಗಿಲ ಹಿಂದೆ, ತನ್ನ ಹಳೇ ಅಂಕಿಗಳ ಪಕ್ಕ, ಇದ್ದಿಲಿನಿಂದ 18 ಎಂದು ಬರೆದ. ಅಕ್ಕನ ಗೌರವಕ್ಕೆಂದು ಎಂಟನ್ನು ತಿರುಗಿಸಿ ಬರೆಯಲು ನೋಡಿದ. ಅದು ಹೇಗೆ ಬರೆದರೂ ಎಂಟೇ ಆಯಿತು.

ಹೊರಗಿನಿಂದ ಯಾರೋ ಕೂಗಿದರು. ಅಕ್ಕ ಹೊಸ ಮೇಲಂಗಿಯ ಕಾಲರ್ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ಕಂಬದ ಕೆಳಗೆ ಬೀದಿಯವರೆಲ್ಲ ನಿಂತಿದ್ದರು. ಲೈನ್‌ಮನ್ ಅಜ್ಜನನ್ನು ಕುರ್ಚಿಸಮೇತ ತಂದು ಎಲ್ಲರ ಮುಂದೆ ಕೂರಿಸಿದ್ದರು. ಬೇಕರಿಯವಳ ಕೈಯಲ್ಲಿ ಮುಚ್ಚಿದ ತಟ್ಟೆ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಅಷ್ಟು ಕಣ್ಣುಗಳ ಮುಂದೆ ಅಕ್ಕನಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. "ಏನ್ರೋ ಹೀಗೆ ನೋಡ್ತೀರಾ? ಯಾರ ಬಟ್ಟೆ ಬಾಕಿ ಇದೆ?" ಎಂದು ಗದರಿಸಲು ಹೋದಳು. ದನಿ ಒಡೆಯಿತು.

ಅದೇ ಹೊತ್ತಿಗೆ ಕಂಬದ ತುದಿಯಲ್ಲಿ ದೀಪ ಹತ್ತಿತು. ಒಬ್ಬರೂ ಮೇಲೆ ನೋಡಲಿಲ್ಲ.